ನಾಲ್ಕು ಮಳೆಗಾಲ ಕಂಡ ಕೈಕಾಗದದ ಆಲ್ಬಮ್

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಚಪ್ಪಲಿಗೆ, ಬೆಲ್ಟಿಗೆ, ದೇವರ ಕೋಣೆಯ ಪುಸ್ತಕಗಳಿಗೆ ಬೂಷ್ಟು ತಪ್ಪಿದ್ದಲ್ಲ. ಅಂಥ ಮನೆಯಲ್ಲಿ ನಾಲ್ಕು ಮಳೆಗಾಲ ಕಳೆದ ಆಲ್ಬಮ್ ಇದು. 2021ರ ಡಿಸೆಂಬರಿನಲ್ಲಿ ಶಿವಮೊಗ್ಗದ ಒಂದು ಕರಕುಶಲ ಮೇಳದಲ್ಲಿ 1,450 ರೂಪಾಯಿ ಕೊಟ್ಟು ತಂದೆ. ಗುಳೇದಗುಡ್ಡದ ಖಣದ ಹೊದಿಕೆ, ಒಳಗೆ ಹತ್ತಿ ಬಟ್ಟೆಯ ಚೂರುಗಳಿಂದ ಮಾಡಿದ ಕೈಕಾಗದದ ನಲವತ್ತು ಹಾಳೆ, ಬದಿಯಲ್ಲಿ ಮೂರು ತೂತು, ಅವುಗಳಲ್ಲಿ ಪೋಣಿಸಿ ಹೊರಗೆ ಗಂಟು ಹಾಕಿದ ಹತ್ತಿಯ ಹುರಿ.

ಕೊಂಡದ್ದಕ್ಕೆ ಕಾರಣ ಅತ್ತೆಯವರ ಹಳೆಯ ಆಲ್ಬಮ್. 1990ರ ದಶಕದಲ್ಲಿ ಎಲ್ಲರ ಮನೆಗೂ ಬಂದಿತ್ತಲ್ಲ, ಹಾಳೆಯ ಮೇಲೆ ಗೆರೆಗೆರೆಯಾಗಿ ಅಂಟು, ಅದರ ಮೇಲೆ ಎಳೆದು ಮುಚ್ಚುವ ಪ್ಲಾಸ್ಟಿಕ್ ಪೊರೆ, ಅದೇ. ಅಂಟು ಕಂದು ಬಣ್ಣಕ್ಕೆ ತಿರುಗಿ ಫೋಟೋಗಳು ಹಾಳೆಗೆ ಕಚ್ಚಿಕೊಂಡುಬಿಟ್ಟಿದ್ದವು. ಹೊಲಿಗೆ ದಾರವನ್ನು ಫೋಟೋದ ಹಿಂದೆ ತೂರಿಸಿ, ಗರಗಸದಂತೆ ಮೆಲ್ಲಗೆ ಎಳೆದು ಬಿಡಿಸಲು ಕುಳಿತೆ. ಇಪ್ಪತ್ನಾಲ್ಕರಲ್ಲಿ ಒಂಬತ್ತು ಸಿಕ್ಕವು. ಉಳಿದವನ್ನು ಆ ಪ್ಲಾಸ್ಟಿಕ್ಕಿನ ಸಮೇತ ಏನು ಮಾಡಬೇಕು? ಒಲೆಗೆ ಹಾಕುವಂತಿಲ್ಲ, ಗೊಬ್ಬರದ ಗುಂಡಿಗೆ ಹಾಕುವಂತಿಲ್ಲ. ಇನ್ನೂ ಅಟ್ಟದ ಮೇಲಿವೆ.

ಹೊಸ ಆಲ್ಬಮ್ಮಿನ ಕಾಗದದ ಬಗ್ಗೆ ನನ್ನದು ಒಂದೇ ಒಂದು ದೂರೂ ಇಲ್ಲ. ಬನಿಯನ್ ಹೊಲಿಯುವ ಕಡೆ ಉಳಿದ ಬಿಳಿ ಚೂರುಗಳನ್ನು ಸಣ್ಣಗೆ ಕತ್ತರಿಸಿ, ನೀರಿನಲ್ಲಿ ಅರೆದು, ಆ ತಿರುಳನ್ನು ಜಾಲರಿಯ ಚೌಕಟ್ಟಿನಲ್ಲಿ ಎತ್ತಿ, ಒತ್ತಿ, ಒಣಗಿಸಿದ ಕಾಗದ. ಬಟ್ಟೆ ಮೊದಲೇ ಬಿಳಿಯಾದ್ದರಿಂದ ಬ್ಲೀಚ್ ಬೇಕಾಗಲಿಲ್ಲ ಎಂದು ಮಾಡಿದವರು ಹೇಳಿದರು. ಪತ್ರಿಕೆಯ ಕಾಗದವನ್ನು ಹಳದಿ ಮಾಡುವುದು ಮರದ ತಿರುಳಿನಲ್ಲಿರುವ ಲಿಗ್ನಿನ್. ಹತ್ತಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಹಾಳೆ ಇವತ್ತಿಗೂ ಹಾಲಿನ ಕೆನೆಯ ಬಣ್ಣದಲ್ಲೇ ಇದೆ. ಅಂಚನ್ನು ಅವರು ಕತ್ತರಿಸಿಲ್ಲ. ಹಾಳೆ ತಿರುವುವಾಗ ಆ ಎಳೆಎಳೆಯಾದ ಅಂಚು ಬೆರಳಿಗೆ ತಾಗುವುದು, ಒಗೆದು ಮೆತ್ತಗಾದ ಧೋತ್ರದ ತುದಿ ಹಿಡಿದಂತೆ.

ಫೋಟೋ ಕೂರಿಸಲು ನಾನು ಅಂಟು ಮುಟ್ಟುವುದಿಲ್ಲ. ಫೋಟೋವನ್ನು ಹಾಳೆಯ ಮೇಲಿಟ್ಟು, ನಾಲ್ಕು ಮೂಲೆಗೂ ಪೆನ್ಸಿಲ್ಲಿನಿಂದ ಗುರುತು ಮಾಡಿ, ಬ್ಲೇಡಿನಲ್ಲಿ ಓರೆಯಾಗಿ ನಾಲ್ಕು ಗೀರು ಹಾಕಿ, ಮೂಲೆಗಳನ್ನು ಒಳಗೆ ಸಿಕ್ಕಿಸುತ್ತೇನೆ. ಕೆಳಗೆ ಹೆಸರು, ಊರು, ವರ್ಷ ಪೆನ್ಸಿಲ್ಲಿನಲ್ಲೇ. ಶಾಯಿ ಈ ಕಾಗದದಲ್ಲಿ ಹರಡುತ್ತದೆ. ದೀಪಾವಳಿ ಕಳೆದ ಮೇಲೆ ರೇಷ್ಮೆ ಸೀರೆಗಳಿಗೆ ಗಾಳಿ ಆಡಿಸುವ ದಿನವೇ ಆಲ್ಬಮ್ಮನ್ನೂ ಜಗುಲಿಯ ನೆರಳಿನಲ್ಲಿ ತೆರೆದಿಡುತ್ತೇನೆ. ಆ ವರ್ಷದ ಹನ್ನೆರಡು ಫೋಟೋಗಳನ್ನು ಆರಿಸುವುದೂ ಅಂದೇ. ಮೊಬೈಲಿನಲ್ಲಿ ಸಾವಿರಾರು ಇದ್ದರೂ ಪ್ರಿಂಟು ಹಾಕಿಸುವುದು ಹನ್ನೆರಡೇ, ಅದೂ ಮ್ಯಾಕ್ಸಿ ಸೈಜಿನಲ್ಲಿ. ಸ್ಟುಡಿಯೋದ ಬಣ್ಣದ ಪ್ರಿಂಟಿನ ಕಾಗದಕ್ಕೆ ಎರಡೂ ಬದಿ ಪಾಲಿಥೀನಿನ ಲೇಪ ಇರುತ್ತದೆ. ಆಲ್ಬಮ್ ಎಂದಾದರೂ ಮಣ್ಣಿಗೆ ಸೇರೀತು, ಒಳಗಿನ ಫೋಟೋ ಸೇರದು. ಅದಕ್ಕೇ ಲೆಕ್ಕ ಹಿಡಿದಿದ್ದೇನೆ.

ಎರಡನೆಯ ಮಳೆಗಾಲದಲ್ಲಿ ಈ ಸಂತೋಷ ಕೆಟ್ಟಿತು. 2023ರ ಶ್ರಾವಣ. ಆಲ್ಬಮ್ ತೆರೆದರೆ ಹುರಿಯ ಪಕ್ಕದಿಂದ ಬೆಳ್ಳಿ ಬಣ್ಣದ ಹುಳ ಸರ್ರನೆ ಓಡಿತು. ಹಾಳೆಗಳ ನಡುವೆ ಬೆನ್ನಿನ ಬಳಿ ದಪ್ಪಕ್ಕಾಗಿ ಮೈದಾ ಅಂಟಿನಲ್ಲಿ ಅಂಟಿಸಿದ್ದ ಕಾಗದದ ಪಟ್ಟಿಗಳ ಉದ್ದಕ್ಕೂ ಹುಳ ತಿಂದಿತ್ತು. ಪಟ್ಟಿಯಿಂದ ಪಕ್ಕದ ಫೋಟೋಗೂ ದಾಟಿತ್ತು. ಅಡಿಕೆ ಚಪ್ಪರದ ಕೆಳಗೆ ಅಪ್ಪ ನಿಂತಿರುವ ಕಪ್ಪುಬಿಳುಪು ಫೋಟೋ ಅದು, ನೆಗೆಟಿವ್ ಎಂದೋ ಕಳೆದುಹೋಗಿದೆ. ಅಪ್ಪನ ಎಡಗೈ, ಹಿಡಿದಿದ್ದ ಹಾಳೆಟೋಪಿ (ಅಡಿಕೆ ಹಾಳೆಯದು), ಎರಡೂ ಮಾಯವಾಗಿ ಬಿಳಿಯ ಕಾಗದ ಕಾಣುತ್ತಿತ್ತು. ಫೋಟೋದ ಮೇಲ್ಪದರದ ಜೆಲಟಿನ್ನೂ ಆ ಹುಳಕ್ಕೆ ಆಹಾರವೇ ಎಂದು ಆಮೇಲೆ ತಿಳಿಯಿತು. ಅಂದು ರಾತ್ರಿ ಊಟ ಸೇರಲಿಲ್ಲ.

ಮಾಡಿದವರಿಗೆ ಫೋನ್ ಮಾಡಿದಾಗ ನನ್ನ ದನಿ ಏರಿಯೇ ಇತ್ತು. ಮೈದಾ ಅಂಟಿಗೆ ಮೈಲುತುತ್ತ ಹಾಕಿಲ್ಲವೇ ಎಂದು ಕೇಳಿದೆ. ನಮ್ಮೂರಿನ ಬೈಂಡಿಂಗ್ ಅಂಗಡಿಯಲ್ಲಿ ಹುಳ ಹಿಡಿಯಬಾರದೆಂದು ಒಂದು ಚಿಟಿಕೆ ಹಾಕಿಯೇ ಕುದಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. "ಬೇಕೆಂದೇ ಬಿಟ್ಟಿದ್ದೇವೆ ಮೇಡಂ. ಅದು ವಿಷ. ಪಾತ್ರೆ ತೊಳೆದ ನೀರು ಹಿತ್ತಲಿಗೇ ಹೋಗುತ್ತದೆ, ನಮ್ಮ ಮಕ್ಕಳು ಅಲ್ಲೇ ಆಡುತ್ತಾರೆ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಹೇಳಿದ್ದು ಸರಿ. ಆದರೆ ಬೆಂಗಳೂರಿನ ಒಣ ಹವೆಯಲ್ಲಿ ನಡೆಯುವ ಅಂಟು ಮಲೆನಾಡಿನಲ್ಲಿ ನಡೆಯದು ಎಂಬುದನ್ನು ಮಾರುವಾಗಲೇ ಹೇಳಬೇಕಿತ್ತು. ಪರಿಸರಸ್ನೇಹಿ ಎಂದು ಚೀಟಿ ಅಂಟಿಸಿದರೆ ಸಾಲದು, ಯಾವ ಪರಿಸರದಲ್ಲಿ ಬಾಳುತ್ತದೆ ಎಂಬುದನ್ನೂ ಬರೆಯಬೇಕು. ಈ ಮಾತನ್ನು ಅವರಿಗೇ ಹೇಳಿದೆ. ಕ್ಷಮೆ ಕೇಳಿದರು, ಆಲ್ಬಮ್ಮನ್ನು ಕಳಿಸಿಕೊಡಿ ಎಂದರು.

ಹುರಿಯ ಗಂಟು ಬಿಚ್ಚಿದೆ. ಐದು ನಿಮಿಷದಲ್ಲಿ ಇಡೀ ಆಲ್ಬಮ್ ಬಿಡಿ ಹಾಳೆಗಳಾಗಿ ಚಾಪೆಯ ಮೇಲೆ ಹರಡಿತು. ಒಂದು ಫೋಟೋವೂ ಹರಿಯಲಿಲ್ಲ, ಗೀರಿನಿಂದ ಮೂಲೆ ಬಿಡಿಸಿದರೆ ಮುಗಿಯಿತು. ಅತ್ತೆಯವರ ಆಲ್ಬಮ್ಮಿನ ಜೊತೆ ಎರಡು ದಿನ ಗುದ್ದಾಡಿದ್ದವಳಿಗೆ ಇದು ನಂಬಲಾಗದ ಹಗುರ. ಫೋಟೋಗಳನ್ನು ಇಲ್ಲೇ ಉಳಿಸಿಕೊಂಡು, ಹಾಳೆ, ಹೊದಿಕೆಗಳನ್ನು ಅಂಚೆಯಲ್ಲಿ ಕಳಿಸಿದೆ. ಹೋಗಿಬರುವ ಖರ್ಚು ಸೇರಿ 320 ರೂಪಾಯಿ ನನಗೆ ಬಿತ್ತು. ಅದನ್ನು ಅವರೇ ಭರಿಸಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಮೂರು ವಾರಕ್ಕೆ ಬಂತು. ತಿಂದುಹೋದ ಆರು ಹಾಳೆಗಳನ್ನು ಮತ್ತೆ ನೀರಿಗೆ ಹಾಕಿ ಅರೆದು ಹೊಸ ಹಾಳೆ ಎತ್ತಿದ್ದರು. ಪಟ್ಟಿಗಳನ್ನು ಅಂಟಿಸುವ ಬದಲು ನೂಲಿನಲ್ಲಿ ಹೊಲಿದಿದ್ದರು. ಖಣದ ಹೊದಿಕೆಯನ್ನೂ ಒಳಕ್ಕೆ ಮಡಚಿ ಹೊಲಿಗೆ ಹಾಕಿದ್ದರು. ಇಡೀ ಆಲ್ಬಮ್ಮಿನಲ್ಲಿ ಈಗ ಒಂದು ತೊಟ್ಟು ಅಂಟಿಲ್ಲ. ಆಮೇಲೆ ಎರಡು ಮಳೆಗಾಲ ಕಳೆದಿವೆ. ಹುಳ ಕಂಡಿಲ್ಲ. ಲಾವಂಚದ ಬೇರು ತುಂಬಿದ ಸಣ್ಣ ಚೀಲವೊಂದನ್ನು ಜೊತೆಗೆ ಇಡುತ್ತೇನೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆರೆದು ನೋಡುತ್ತೇನೆ.

ಕರಾವಳಿ, ಮಲೆನಾಡು, ಕೊಡಗಿನವರು ಕೈಕಾಗದದ ಆಲ್ಬಮ್ ಕೊಳ್ಳುವ ಮುನ್ನ ಎರಡು ಪ್ರಶ್ನೆ ಕೇಳಿ: ಎಲ್ಲೆಲ್ಲಿ ಅಂಟು ಹಾಕಿದ್ದೀರಿ, ಬಿಚ್ಚಿ ಕಟ್ಟಲು ಬರುತ್ತದೆಯೇ. ಎರಡನೆಯದಕ್ಕೆ ಇಲ್ಲವೆಂದರೆ ಖಣದ ಚೆಲುವಿಗೆ ಮರುಳಾಗಬೇಡಿ. ಮದುವೆ, ಗೃಹಪ್ರವೇಶಕ್ಕೆ ಮುನ್ನೂರು ಫೋಟೋ ಹಾಕಿಸುವವರಿಗೆ ಇದು ಹೊಂದದು. ವರ್ಷಕ್ಕೆ ಹನ್ನೆರಡು ಹಾಕುವ ನನ್ನಂಥವರಿಗೆ ಈ ಬೆಲೆ ಹೆಚ್ಚಲ್ಲ.

ಅಪ್ಪನ ಫೋಟೋವನ್ನು ಹುಳ ತಿಂದ ಹಾಗೆಯೇ ಅದೇ ಹಾಳೆಯಲ್ಲಿ ಮತ್ತೆ ಸಿಕ್ಕಿಸಿದ್ದೇನೆ. ಕೆಳಗೆ ಪೆನ್ಸಿಲ್ಲಿನಲ್ಲಿ "ಎಡಗೈಯಲ್ಲಿ ಹಾಳೆಟೋಪಿ" ಎಂದು ಬರೆದಿದ್ದೇನೆ. ಮೊನ್ನೆ ಇನ್ನೂ ಹತ್ತು ಹಾಳೆಗೆ ಹೇಳಿ ಕಳಿಸಿದೆ. ಹುರಿ ಬೇಡ, ಹಳೆಯದೇ ಗಟ್ಟಿಯಾಗಿದೆ.