ಮನೆಯ ಮೀಡಿಯಾ ಸರ್ವರಿಗೆ ಮೂರು ಯಂತ್ರಗಳು: ನನ್ನ ಆಯ್ಕೆ ಎನ್100
ಮನೆಯವರೆಲ್ಲರ ಚಲನಚಿತ್ರ, ಹಾಡು, ವಿಡಿಯೊಗಳನ್ನು ಒಂದೆಡೆ ಇಟ್ಟು ಟಿವಿಗೂ ಫೋನಿಗೂ ಹಂಚುವ ಸರ್ವರಿಗಾಗಿ ಎರಡು ವರ್ಷಗಳಲ್ಲಿ ಮೂರು ಯಂತ್ರಗಳನ್ನು ಬಳಸಿ ನೋಡಿದ್ದೇನೆ. ಮೂರನೆಯದಾದ ಇಂಟೆಲ್ ಎನ್100 ಪ್ರೊಸೆಸರಿನ ಮಿನಿ ಪಿಸಿಯನ್ನೇ ಮೊದಲು ಕೊಂಡಿದ್ದರೆ ಉಳಿದೆರಡಕ್ಕೆ ಹಾಕಿದ ಹಣವೂ ಶ್ರಮವೂ ಉಳಿಯುತ್ತಿದ್ದವು.

ಮೊದಲು ತಂದದ್ದು ಅಂಗೈಯಗಲದ ಸಿಂಗಲ್ ಬೋರ್ಡ್ ಕಂಪ್ಯೂಟರನ್ನು. ವಿದ್ಯುತ್ ಉಳಿತಾಯವೊಂದನ್ನೇ ನೋಡಿ ಅದನ್ನು ಆರಿಸಿದ್ದೆ. ಫೈಲು ಇದ್ದ ಹಾಗೆಯೇ ಟಿವಿಗೆ ಹೋಗುತ್ತಿದ್ದಷ್ಟು ದಿನ ಅದು ಸದ್ದಿಲ್ಲದೆ ಕೆಲಸ ಮಾಡಿತು. ಆದರೆ ನಮ್ಮ ತಂದೆಯವರಿಗೆ ಕಿವಿ ಮಂದ. ಸಬ್‌ಟೈಟಲ್ ಇಲ್ಲದೆ ಅವರು ಚಿತ್ರ ನೋಡಲಾರರು. ಬ್ಲೂ-ರೇ ಡಿಸ್ಕಿನಿಂದ ತೆಗೆದ ಚಿತ್ರಕ್ಕೆ ಸಬ್‌ಟೈಟಲ್ ಹಾಕಿದೊಡನೆ ಪ್ರತಿ ಏಳೆಂಟು ಸೆಕೆಂಡಿಗೊಮ್ಮೆ ದೃಶ್ಯ ನಿಂತುಬಿಡುತ್ತಿತ್ತು, ತೆಗೆದರೆ ಸರಾಗವಾಗಿ ಓಡುತ್ತಿತ್ತು.

ನಾನು ದೋಷವನ್ನು ವೈಫೈನಲ್ಲಿ ಹುಡುಕಿದೆ, ಕೇಬಲ್ ಬದಲಿಸಿದೆ, ಹಾರ್ಡ್ ಡಿಸ್ಕನ್ನೂ ಬದಲಿಸಿದೆ. ಕೊನೆಗೆ, ಸರ್ವರಿನಲ್ಲಿ ಚಿತ್ರಗಳನ್ನು ಹಂಚುವ ಜೆಲ್ಲಿಫಿನ್ ತಂತ್ರಾಂಶದ ಡ್ಯಾಶ್‌ಬೋರ್ಡಿನಲ್ಲಿ ಕಾರಣ ಕಂಡಿತು: ಟಿವಿಯ ಆ್ಯಪ್ ಆ ಬಗೆಯ ಸಬ್‌ಟೈಟಲನ್ನು ತೋರಿಸಲಾರದು, ಆದ್ದರಿಂದ ಸರ್ವರ್ ಇಡೀ ವಿಡಿಯೊವನ್ನು ಟ್ರಾನ್ಸ್‌ಕೋಡ್ ಮಾಡುತ್ತಿದೆ, ಅಂದರೆ ಬಿಡಿಸಿ ಹೊಸದಾಗಿ ಸಂಕುಚಿಸುತ್ತಿದೆ. ಎಸ್‌ಆರ್‌ಟಿ ಸಬ್‌ಟೈಟಲ್ ಎಂದರೆ ಬರಿಯ ಪಠ್ಯ, ಅದನ್ನು ತೋರಿಸುವುದು ಟಿವಿಗೆ ಸುಲಭ. ಬ್ಲೂ-ರೇಯ ಪಿಜಿಎಸ್‌ನಲ್ಲಾದರೋ ಪ್ರತಿ ಸಾಲೂ ಒಂದು ಚಿತ್ರ. ಅದನ್ನು ತೋರಿಸಲಾಗದ ಟಿವಿಗಾಗಿ ಸರ್ವರ್ ಪ್ರತಿಯೊಂದು ಫ್ರೇಮನ್ನೂ ಬಿಡಿಸಿ, ಅಕ್ಷರದ ಚಿತ್ರವನ್ನು ಅದರ ಮೇಲೆ ಅಂಟಿಸಿ, ಮತ್ತೆ ಸಂಕುಚಿಸಿ ಕಳುಹಿಸಬೇಕು. ಸೆಕೆಂಡಿಗೆ 24 ಫ್ರೇಮುಗಳು ಬೇಕಾಗಿದ್ದಲ್ಲಿ ನನ್ನ ಬೋರ್ಡಿನಿಂದ ಅದರ ಅರ್ಧದಷ್ಟೂ ಹೊರಡುತ್ತಿರಲಿಲ್ಲ.

ಪಿಜಿಎಸ್‌ನ ಚಿತ್ರಗಳನ್ನು ಅಕ್ಷರಗಳನ್ನು ಗುರುತಿಸುವ ಒಸಿಆರ್ ತಂತ್ರಾಂಶದ ಮೂಲಕ ಪಠ್ಯವಾಗಿಸುವ ದಾರಿಯನ್ನೂ ಹಿಡಿದೆ. ತಪ್ಪುಗಳನ್ನು ತಿದ್ದಲು ಒಂದೊಂದು ಚಲನಚಿತ್ರಕ್ಕೆ ಒಂದೊಂದು ಸಂಜೆ ಹಿಡಿಯಿತು, ಐದನೆಯದಕ್ಕೆ ಕೈಬಿಟ್ಟೆ. ಹೊಸ ಬೋರ್ಡ್ ಕೊಂಡರೆ ಸರಿಹೋದೀತೆಂದು ಭಾವಿಸುವವರು ಒಂದು ಸಂಗತಿಯನ್ನು ಗಮನಿಸಬೇಕು: 2023ರಲ್ಲಿ ಬಂದ ರಾಸ್ಪ್‌ಬೆರಿ ಪೈ 5 ಬೋರ್ಡಿನಲ್ಲಿ ವಿಡಿಯೊ ಎನ್‌ಕೋಡ್ ಮಾಡುವ, ಅಂದರೆ ಸಂಕುಚಿಸುವ, ಪ್ರತ್ಯೇಕ ಹಾರ್ಡ್‌ವೇರ್ ಇಲ್ಲ, ಆ ಕೆಲಸವೆಲ್ಲ ಪ್ರೊಸೆಸರಿನ ಹೆಗಲಿಗೇ ಬೀಳುತ್ತದೆ.

ಎರಡನೆಯದು ಕಚೇರಿಗಳಲ್ಲಿ ಬಳಸಿ ಮಾರಿದ, ಐ5-8500ಟಿ ಪ್ರೊಸೆಸರಿನ ಪುಟ್ಟ ಡೆಸ್ಕ್‌ಟಾಪ್. ವಿಡಿಯೊ ಬಿಡಿಸಿ ಸಂಕುಚಿಸುವ ಇಂಟೆಲ್‌ನ ಪ್ರತ್ಯೇಕ ಹಾರ್ಡ್‌ವೇರ್ ಕ್ವಿಕ್ ಸಿಂಕ್ ಅದರಲ್ಲಿರುವುದರಿಂದ ಸಬ್‌ಟೈಟಲಿನ ತೊಂದರೆ ಮೊದಲ ದಿನವೇ ನೀಗಿತು. ಆದರೆ ಎವಿ1 ಎಂಬ ಹೊಸ ಸಂಕುಚನ ವಿಧಾನದ ವಿಡಿಯೊವನ್ನು ಬಿಡಿಸುವ ಹಾರ್ಡ್‌ವೇರ್ ಅದರಲ್ಲಿಲ್ಲ. ಫ್ಯಾನಿನ ಸದ್ದು ರಾತ್ರಿ ಮಲಗುವ ಕೋಣೆಗೂ ಕೇಳುತ್ತಿತ್ತು.

ಎನ್100ರಲ್ಲಿ ಕ್ವಿಕ್ ಸಿಂಕ್ ಇದೆ, ಎವಿ1 ಬಿಡಿಸುವ ಸಾಮರ್ಥ್ಯವೂ ಇದೆ. ಎವಿ1ಗೆ ಎನ್‌ಕೋಡ್ ಮಾಡಲು ಮಾತ್ರ ಆಗದು, ನನಗೆ ಅದು ಬೇಕಾಗಿಯೂ ಇಲ್ಲ. ನಾನು ಕೊಂಡ ಪೆಟ್ಟಿಗೆಗೆ ಫ್ಯಾನೇ ಇಲ್ಲ. ಜೆಲ್ಲಿಫಿನ್ ಅನ್ನು ಡಾಕರ್‌ನಲ್ಲಿ, ಅಂದರೆ ಉಳಿದ ತಂತ್ರಾಂಶಗಳಿಂದ ಬೇರ್ಪಟ್ಟ ಕಂಟೇನರಿನಲ್ಲಿ, ಓಡಿಸುವವರು ಗ್ರಾಫಿಕ್ಸ್ ಸಾಧನವನ್ನು ಕಂಟೇನರಿಗೆ ಒದಗಿಸಿ, ಅದನ್ನು ಬಳಸಲು ಬೇಕಾದ ರೆಂಡರ್ ಗುಂಪಿನ ಅನುಮತಿಯನ್ನೂ ಕೊಡಬೇಕು. ಇಲ್ಲವಾದರೆ ಹಾರ್ಡ್‌ವೇರ್ ಇದ್ದೂ ಇಲ್ಲದಂತೆಯೇ. ಒಳಗೆ ದೊಡ್ಡ ಡಿಸ್ಕಿಗೆ ಜಾಗವಿಲ್ಲದ್ದರಿಂದ, ಸ್ವಂತ ಅಡಾಪ್ಟರ್ ಇರುವ ಹೊರಗಿನ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸಿದ್ದೇನೆ.

ವಿದ್ಯುತ್ತಿನ ಲೆಕ್ಕವನ್ನು ಗೋಡೆಯ ಪ್ಲಗ್ಗಿಗೆ ಹಾಕುವ ಮೀಟರಿನಿಂದಲೇ ನೋಡಬೇಕು. ಎನ್100ರ ವಿವರಪಟ್ಟಿಯಲ್ಲಿರುವ 6 ವಾಟ್ ಪ್ರೊಸೆಸರಿನದು ಮಾತ್ರ, ಇಡೀ ಯಂತ್ರದ್ದಲ್ಲ. ಡಿಸ್ಕ್ ಜೋಡಿಸದೆ ಸುಮ್ಮನಿದ್ದಾಗ ನನ್ನ ಮೀಟರಿನಲ್ಲಿ ಬೋರ್ಡಿಗೆ 4, ಎನ್100ಕ್ಕೆ 7, ಡೆಸ್ಕ್‌ಟಾಪಿಗೆ 11 ವಾಟ್ ಬಂದವು. ಬೋರ್ಡಿಗೂ ಎನ್100ಕ್ಕೂ ಇರುವ 3 ವಾಟ್ ಅಂತರ, ಹಗಲಿರುಳು ಓಡಿದರೂ ವರ್ಷಕ್ಕೆ ಸುಮಾರು 26 ಯೂನಿಟ್. ತಿರುಗುತ್ತಿರುವ ಒಂದು 3.5 ಇಂಚಿನ ಹಾರ್ಡ್ ಡಿಸ್ಕೇ ಅದಕ್ಕಿಂತ ಹೆಚ್ಚು ಎಳೆಯುತ್ತದೆ.

ಬಜೆಟ್ ತೀರಾ ಬಿಗಿಯಾಗಿದ್ದು, ಸರ್ವರನ್ನು ಯಾರೂ ಮಲಗದ ಕೋಣೆಯಲ್ಲಿ ಇಡಬಲ್ಲವರು ಹಳೆಯ ಡೆಸ್ಕ್‌ಟಾಪನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಬೋರ್ಡ್ ಕೊಳ್ಳಬೇಕೆನ್ನುವವರು ಮಾತ್ರ ಮೊದಲು ತಮ್ಮ ಸಂಗ್ರಹದಲ್ಲಿರುವ ಹತ್ತು ಚಿತ್ರಗಳ ಸಬ್‌ಟೈಟಲ್ ಎಸ್‌ಆರ್‌ಟಿಯೋ ಪಿಜಿಎಸ್ಸೋ ಎಂದು ತೆರೆದು ನೋಡಿಕೊಳ್ಳಲಿ.