ಅಮ್ಮನ ಶ್ರುತಿಗೆ ಬಗ್ಗಿದ ತಂತ್ರಾಂಶ: ರೀಪರ್ ಬಳಸಿ ಆರು ವರ್ಷ

ನಮ್ಮ ಅಮ್ಮನ ಶ್ರುತಿ ಹಾರ್ಮೋನಿಯಂನ ಬಿಳಿ ಐದಕ್ಕೂ (ಐದನೆಯ ಬಿಳಿ ಕೀಲಿ) ಅದರ ಪಕ್ಕದ ಕಪ್ಪು ನಾಲ್ಕಕ್ಕೂ ನಡುವೆ ಎಲ್ಲೋ ಇದೆ. ಅಪ್ಪ ಇದ್ದಾಗ ಹಬ್ಬದ ದಿನ ಹಾರ್ಮೋನಿಯಂ ತೆಗೆದು ಅಮ್ಮನ ಹಾಡಿಗೆ ಸಾಥ್ ಕೊಡಲು ಕುಳಿತರೆ ಮೊದಲ ಐದು ನಿಮಿಷ ಇದೇ ಚರ್ಚೆ. ಬಿಳಿ ಐದು ಹಿಡಿದರೆ ಅಮ್ಮನಿಗೆ ತಗ್ಗು, ಕಪ್ಪು ನಾಲ್ಕು ಹಿಡಿದರೆ ಎತ್ತರ. ಕೊನೆಗೆ ಅಮ್ಮನೇ ಪೆಟ್ಟಿಗೆಯ ಸ್ವರಕ್ಕೆ ಹೊಂದಿಕೊಳ್ಳುತ್ತಿದ್ದಳು. ಹಾಡಿನ ಅರ್ಧ ಹೊಳಪು ಅಲ್ಲೇ ಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ಹಾಡು ಮುದ್ರಿಸಿ ಸಂಕಲನ ಮಾಡುವ ರೀಪರ್ ತಂತ್ರಾಂಶದ ಬಗ್ಗೆ ಬರೆಯಲು ಕುಳಿತಾಗ ಮೊದಲು ನೆನಪಾಗುವುದು ಇದೇ. ಈ ತಂತ್ರಾಂಶ ನನಗೆ ಮಾಡಿರುವ ದೊಡ್ಡ ಉಪಕಾರವೆಂದರೆ ಈಗ ಹೊಂದಿಕೊಳ್ಳುವುದು ವಾದ್ಯಗಳ ಕೆಲಸ. ಅಮ್ಮ ತನ್ನ ಸ್ವರದಲ್ಲೇ ಹಾಡುತ್ತಾಳೆ.

ನಮ್ಮದು ಶಿರಸಿ ಸೀಮೆಯ ಹೆಂಚಿನ ಮನೆ. ನಾನು ಶಾಲಾ ಶಿಕ್ಷಕ. ಧ್ವನಿಮುದ್ರಣ ಯಾರಿಂದಲೂ ಕಲಿತದ್ದಲ್ಲ. ಅಮ್ಮನಿಗೆ ಬರುವ ಸಂಪ್ರದಾಯದ ಹಾಡುಗಳು, ಮದುವೆಮನೆಯ ಹಾಡುಗಳು, ಆರತಿ ಪದಗಳು ಅವಳೊಂದಿಗೇ ಮುಗಿದುಹೋಗಬಾರದು ಎಂಬ ಹಂಬಲದಿಂದ 2019ರ ಕೊನೆಯಲ್ಲಿ ಈ ಕೆಲಸಕ್ಕೆ ಇಳಿದೆ. ಎಂಟು ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ಎರಡು ಮೈಕ್ ಜೋಡಿಸಬಹುದಾದ ಒಂದು ಆಡಿಯೊ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕ್, ಕಂಪ್ಯೂಟರಿನೊಳಗಿನ ವಾದ್ಯಗಳನ್ನು ನುಡಿಸಲು ನಾಲ್ಕು ಸಪ್ತಕದ ಪುಟ್ಟ ಮಿಡಿ ಕೀಬೋರ್ಡ್. ಇವತ್ತಿಗೂ ಇಷ್ಟೇ. ಹಾಸಿಗೆ, ಕಂಬಳಿ ಪೇರಿಸಿಡುವ ಒಳಕೋಣೆಯೇ ಸ್ಟುಡಿಯೊ. ಕಂಬಳಿಗಳು ಪ್ರತಿಧ್ವನಿಯನ್ನು ನುಂಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮೇಲೆ ಮಳೆ ಬೀಳುವ ಕಾಲದಲ್ಲಿ ಮಾತ್ರ ಹಾಡಿಸುವಂತಿಲ್ಲ. ಆ ನಾಲ್ಕು ತಿಂಗಳು ಸಂಕಲನದ ಕೆಲಸ.

ರೀಪರ್ ಅನ್ನು ಮಾಡಿರುವುದು ಕಾಕೋಸ್ ಎಂಬ ಅಮೆರಿಕದ ಸಣ್ಣ ಕಂಪನಿ. ಹಿಂದೆ ನಾವೆಲ್ಲ ಹಾಡು ಕೇಳಲು ಬಳಸುತ್ತಿದ್ದ ವಿನ್ಯಾಂಪ್ ರೂಪಿಸಿದ ಜಸ್ಟಿನ್ ಫ್ರ್ಯಾಂಕೆಲ್ ಅವರದೇ ಕೆಲಸ ಇದು. 60 ದಿನ ಎಲ್ಲ ಸೌಲಭ್ಯಗಳೊಂದಿಗೆ ಉಚಿತವಾಗಿ ಬಳಸಿ ನೋಡಬಹುದು. ಅನಂತರ ವೈಯಕ್ತಿಕ ಬಳಕೆಗೆ, ಸಣ್ಣ ಆದಾಯದವರಿಗೆ 60 ಡಾಲರ್. ದೊಡ್ಡ ವಾಣಿಜ್ಯ ಬಳಕೆಗೆ 225 ಡಾಲರ್. ಎರಡರಲ್ಲೂ ತಂತ್ರಾಂಶ ಒಂದೇ, ಕಡಿಮೆ ಬೆಲೆಯದಕ್ಕೆ ಏನನ್ನೂ ಕತ್ತರಿಸಿಲ್ಲ. ನಾನು 2020ರ ಜನವರಿಯಲ್ಲಿ ಆರನೆಯ ಆವೃತ್ತಿಗೆ ಸುಮಾರು ನಾಲ್ಕೂಕಾಲು ಸಾವಿರ ರೂಪಾಯಿ ಕೊಟ್ಟೆ. ಆ ಪರವಾನಗಿ 7.99ರವರೆಗೆ ನಡೆಯುತ್ತದೆ. 2023ರ ಅಕ್ಟೋಬರ್‌ನಲ್ಲಿ ಏಳನೆಯ ಆವೃತ್ತಿ ಬಂದಾಗ ಒಂದು ಪೈಸೆಯನ್ನೂ ಕೊಡದೆ ಹಾಕಿಕೊಂಡೆ. ಮಾಸಿಕ ಚಂದಾ ಇಲ್ಲ. ಊರಿನ ಮೊಬೈಲ್ ಡೇಟಾದಲ್ಲೂ ಕೆಲವೇ ನಿಮಿಷಗಳಲ್ಲಿ ಇಳಿಯುವಷ್ಟು ಪುಟ್ಟದು.

ಮೊದಲ ತಿಂಗಳು ಕಷ್ಟವಾಯಿತು ಎಂದು ಒಪ್ಪಿಕೊಳ್ಳಬೇಕು. ತೆರೆದರೆ ಬೂದುಬಣ್ಣದ ಖಾಲಿ ಪರದೆ. ಪಿಯಾನೊ ಇಲ್ಲ, ತಬಲಾ ಇಲ್ಲ, ತಂಬೂರಿ ಇಲ್ಲ. ತಂತ್ರಾಂಶದೊಳಗೆ ಸೇರಿಸಿಕೊಂಡು ಧ್ವನಿ ತಿದ್ದುವ ಪುಟ್ಟ ಸಾಧನಗಳಾದ ಪ್ಲಗಿನ್‌ಗಳು ಬೇಕಾದಷ್ಟು ಇವೆ, ಆದರೆ ವಾದ್ಯಗಳ ಸ್ಯಾಂಪಲ್ (ನಿಜವಾದ ವಾದ್ಯದ ಒಂದೊಂದೇ ಸ್ವರದ ಮುದ್ರಿಕೆ) ಸಂಗ್ರಹವನ್ನು ನಾವೇ ಹೊರಗಿನಿಂದ ತರಬೇಕು. ಒಂದೊಂದು ಮೆನುವಿನಲ್ಲೂ ಉದ್ದುದ್ದ ಪಟ್ಟಿ. ಕೀಬೋರ್ಡ್ ಒತ್ತಿದರೆ ಸ್ವರ ತಡವಾಗಿ ಬರುತ್ತಿತ್ತು. ಕಾರಣ ಬಫರ್, ಅಂದರೆ ಧ್ವನಿಯನ್ನು ಕಳಿಸುವ ಮುನ್ನ ಯಂತ್ರ ಕೂಡಿಟ್ಟುಕೊಳ್ಳುವ ಪಾಲು, ಎಂದು ತಿಳಿಯಲು ಒಂದು ವಾರ ಬೇಕಾಯಿತು. ಸೆಕೆಂಡಿಗೆ ಧ್ವನಿಯ 48,000 ತುಣುಕುಗಳ ದರದಲ್ಲಿ 1,024 ತುಣುಕುಗಳ ಬಫರ್ ಇಟ್ಟರೆ ಅಲ್ಲೇ 21 ಮಿಲಿಸೆಕೆಂಡು ತಡ. 128 ಇಟ್ಟರೆ ಮೂರಕ್ಕಿಂತ ಕಡಿಮೆ. ಆದರೆ ಬಫರ್ ಇಳಿಸಿದಷ್ಟೂ ಲ್ಯಾಪ್‌ಟಾಪ್‌ಗೆ ಹೊರೆ ಹೆಚ್ಚಿ ಧ್ವನಿ ಚಿಟಿಚಿಟಿ ಎನ್ನುತ್ತದೆ. ಹಾಗಾಗಿ ನುಡಿಸುವಾಗ 128, ಸಂಕಲನದ ಹೊತ್ತಿಗೆ 1,024. ಮುಗಿದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿ, ಅಂದರೆ ಸಿದ್ಧ ಧ್ವನಿಯಾಗಿ ಕೂಡಿಟ್ಟುಬಿಟ್ಟರೆ, ನನ್ನ ಎಂಟು ಜಿಬಿಯ ಯಂತ್ರವೂ ಇಪ್ಪತ್ತು ಟ್ರ್ಯಾಕ್ ಎಳೆಯುತ್ತದೆ.

ಇನ್ನು ಶ್ರುತಿಯ ವಿಷಯ. ರೀಪರ್ ಜೊತೆಗೇ ಬರುವ ರಿಯಾಟ್ಯೂನ್ ಎಂಬ ಪ್ಲಗಿನ್ ಹಾಕಿ ಅಮ್ಮನ ಷಡ್ಜವನ್ನು ಅಳೆದೆ. ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ, ಅಂದರೆ ಕೀಲಿಗಳ, ಸ್ವರದ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಸೆಂಟ್ ಎನ್ನುತ್ತಾರೆ. ಅಮ್ಮ ಬಿಳಿ ಐದಕ್ಕಿಂತ ಸುಮಾರು 40 ಸೆಂಟ್ ಮೇಲೆ ನಿಂತಿದ್ದಳು. ಅಪ್ಪನ ಕಾಲದ ಜಗಳಕ್ಕೆ ಅಂದು ಅಂಕಿಯಲ್ಲಿ ಉತ್ತರ ಸಿಕ್ಕಿತು! ಸ್ಯಾಂಪಲ್ ವಾದ್ಯಗಳನ್ನೆಲ್ಲ ಅಷ್ಟೇ ಏರಿಸಿದೆ: ತಂಬೂರಿ, ಪಿಯಾನೊ, ಚೆಲ್ಲೊ ಎಲ್ಲವೂ 40 ಸೆಂಟ್ ಮೇಲೆ. ಹಾಡುತ್ತ ಹಾಡುತ್ತ ಆರನೆಯ ನುಡಿಯ ಹೊತ್ತಿಗೆ ಅಮ್ಮ 50ಕ್ಕೆ ಏರುತ್ತಾಳೆ. ಅದನ್ನೂ ಹಿಂಬಾಲಿಸಬಹುದು. ಟ್ರ್ಯಾಕ್ ಉದ್ದಕ್ಕೂ ಒಂದು ಗೆರೆ ಎಳೆದು ವಾದ್ಯದ ಶ್ರುತಿಯನ್ನು ನಿಧಾನವಾಗಿ ಏರಿಸುತ್ತ ಹೋದರೆ ಕೇಳುವವರಿಗೆ ಗೊತ್ತೇ ಆಗುವುದಿಲ್ಲ.

ಒಮ್ಮೆ ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡಿದ್ದೆ. ಅದೇ ರಿಯಾಟ್ಯೂನ್‌ನಿಂದ ಅಮ್ಮನ ಸ್ವರವನ್ನೇ ತಿದ್ದಿ, ಎಲ್ಲವನ್ನೂ ಹತ್ತಿರದ ಮನೆಗೆ ಕೂರಿಸಿ ಕೇಳಿಸಿದೆ. ಅಮ್ಮ ಕಣ್ಣು ಮುಚ್ಚಿ ಪೂರ್ತಿ ಕೇಳಿ, “ಚೆನ್ನಾಗಿ ಹಾಡಿದ್ದಾಳೆ, ಯಾರು ಇದು? ನಮ್ಮ ಕಡೆಯವಳ ಹಾಗೆ ಕಾಣುವುದಿಲ್ಲ” ಎಂದಳು. ಅಂದೇ ಆ ಕಡತ ಅಳಿಸಿದೆ.

ಲಯದ ವಿಚಾರದಲ್ಲೂ ಇಷ್ಟೇ ಸಂತೋಷ. ಅಮ್ಮನ ಹಾಡು ಮೆಟ್ರೊನೋಮ್‌ಗೆ ಸಿಕ್ಕುವುದಿಲ್ಲ. ಮಾತು ಹೆಚ್ಚಿರುವ ಸಾಲಿನಲ್ಲಿ ಓಡುತ್ತದೆ, ದೇವರ ಹೆಸರು ಬಂದಲ್ಲಿ ನಿಲ್ಲುತ್ತದೆ. ಮೊದಮೊದಲು ಅಮ್ಮನ ಕಿವಿಗೆ ಟಿಕ್ ಟಿಕ್ ಹಾಕಿ ಹಾಡಿಸಲು ಹೋಗಿ ಹಾಡು ಕವಾಯತಿನಂತಾಯಿತು. ಈಗ ಅವಳನ್ನು ಅವಳ ಪಾಡಿಗೆ ಹಾಡಲು ಬಿಡುತ್ತೇನೆ. ಆಮೇಲೆ ಒಂದೊಂದು ಆವರ್ತದ ಉದ್ದವನ್ನು ಗುರುತಿಸಿ ‘ಇದು ಒಂದು ಅಳತೆ’ ಎಂದು ರೀಪರ್‌ಗೆ ಹೇಳುತ್ತ ಹೋಗುತ್ತೇನೆ. ಪರದೆಯ ಮೇಲಿನ ತಾಳದ ಗೆರೆಗಳೆಲ್ಲ ಅಮ್ಮನ ನಡಿಗೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತವೆ. ಅದರ ಮೇಲೆ ಕೂರಿಸಿದ ವಾದ್ಯಗಳೂ ಜೊತೆಗೇ ಉಸಿರಾಡುತ್ತವೆ. ಶಾಲೆಯ ಮಕ್ಕಳಿಗೆ ಏಳು ಎಣಿಕೆಯ ಮಿಶ್ರಛಾಪು ತಾಳದ ಹಾಡು ಕಲಿಸುವಾಗ ತಾಳವನ್ನು 7/8 ಎಂದಿಟ್ಟು ಒಂದನೆಯ ಮತ್ತು ನಾಲ್ಕನೆಯ ಎಣಿಕೆಗೆ ಒತ್ತು ಕೊಡುವುದು ಇದಕ್ಕೆ ಹೋಲಿಸಿದರೆ ನೀರು ಕುಡಿದಷ್ಟು ಸುಲಭ.

ಸ್ಯಾಂಪಲ್ ವಾದ್ಯಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಹಣ ಖರ್ಚು ಮಾಡುವ ಮುನ್ನ ಉಚಿತವಾಗಿ ಸಿಗುವುದನ್ನು ಪೂರ್ತಿ ಬಳಸಿ ನೋಡಿ. ನಾನು ಹೆಚ್ಚು ನುಡಿಸಿರುವುದು ಸಾಲಮ್ಯಾಂಡರ್ ಪಿಯಾನೊ. ಯಮಹಾ ಸಿ5 ಗ್ರ್ಯಾಂಡ್ ಪಿಯಾನೊದ ಸ್ವರಗಳನ್ನು ಮೂರು ಮನೆಗೊಂದರಂತೆ, ಪ್ರತಿಯೊಂದನ್ನೂ ಮೆಲುವಿನಿಂದ ಜೋರಿನವರೆಗೆ 16 ಹಂತಗಳಲ್ಲಿ ಮುದ್ರಿಸಿ ಲೋಕಕ್ಕೆ ಬಿಟ್ಟಿದ್ದಾರೆ. ಬೆರಳಿನ ಒತ್ತಡ ಬದಲಾದಂತೆ ಸ್ವರದ ಬಣ್ಣವೂ ಬದಲಾಗುವುದು ಈ ಹಂತಗಳಿಂದ. ಹಿನ್ನೆಲೆಯ ತಂತಿವಾದ್ಯಗಳಿಗೆ ಸ್ಪಿಟ್‌ಫೈರ್ ಆಡಿಯೊದವರ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಡಿಸ್ಕವರ್ ಇದೆ. ಲಂಡನ್ನಿನ ಮೈಡಾ ವೇಲ್ ಸ್ಟುಡಿಯೊದಲ್ಲಿ ಮುದ್ರಿಸಿದ ಇಡೀ ವಾದ್ಯವೃಂದ ಸುಮಾರು 200 ಎಂಬಿಯಲ್ಲಿ ಕುಳಿತಿದೆ. ಸ್ಯಾಂಪಲ್ ವಾದ್ಯಗಳನ್ನು ನುಡಿಸುವ ಕಾಂಟ್ಯಾಕ್ಟ್ ಎಂಬ ಪ್ಲೇಯರ್‌ಗೆ ಬರುವ ಸಂಗ್ರಹಗಳನ್ನು ಕೊಳ್ಳುವಾಗ ಒಂದು ಎಚ್ಚರ: ಅದರ ಉಚಿತ ಆವೃತ್ತಿಯಲ್ಲಿ ಎಲ್ಲವೂ ನಡೆಯುವುದಿಲ್ಲ. ಪೂರ್ಣ ಆವೃತ್ತಿ ಬೇಡುವ ಸಂಗ್ರಹಗಳು ಅದರಲ್ಲಿ ಸ್ವಲ್ಪ ಹೊತ್ತು ನುಡಿದು ನಿಂತುಬಿಡುತ್ತವೆ. ವಿವರಣೆಯಲ್ಲಿ ಈ ಒಂದು ಸಾಲನ್ನು ಓದದೆ ದುಡ್ಡು ಕೊಡಬೇಡಿ.

ನಮ್ಮ ವಾದ್ಯಗಳ ಸ್ಯಾಂಪಲ್‌ಗಳ ವಿಷಯದಲ್ಲಿ ನನಗೆ ಗಟ್ಟಿಯಾದ ಒಂದು ಅಭಿಪ್ರಾಯವಿದೆ. ಒಂದೇ ಕಡೆ ನಿಲ್ಲುವ ಸ್ವರವನ್ನು ಸ್ಯಾಂಪಲ್ ಚೆನ್ನಾಗಿ ಹಿಡಿಯುತ್ತದೆ; ಸ್ವರದಿಂದ ಸ್ವರಕ್ಕೆ ಹೋಗುವ ದಾರಿ ಅದಕ್ಕೆ ಸಿಕ್ಕುವುದಿಲ್ಲ. ತಂಬೂರಿ, ಗಂಟೆ, ತಾಳ, ಜಲತರಂಗ ಇವೆಲ್ಲ ಬಹಳ ಸೊಗಸಾಗಿ ಬರುತ್ತವೆ. ಪಿಟೀಲು, ಕೊಳಲು, ವೀಣೆ ಬಂದಾಗ ತೊಡಕು. ಕೀಬೋರ್ಡಿನ ಪಕ್ಕದ ಚಕ್ರ ತಿರುಗಿಸಿ ಗಾಂಧಾರವನ್ನು ಮಧ್ಯಮದ ಕಡೆಗೆ ತೂಗಬಹುದು. ಆದರೆ ಆಗ ಮುದ್ರಿತವಾದ ಆ ಒಂದು ಸ್ವರ ಇಡಿಯಾಗಿ, ತನ್ನ ಕಂಪನವನ್ನೂ ಬಿಲ್ಲಿನ ಸದ್ದನ್ನೂ ಹೊತ್ತುಕೊಂಡು ಮೇಲೆ ಕೆಳಗೆ ಜಾರುತ್ತದೆ. ನಿಜವಾದ ಪಿಟೀಲಿನಲ್ಲಿ ಬೆರಳು ಜಾರುವಾಗ ಬಿಲ್ಲು ಹಗುರಾಗುತ್ತದೆ, ನಾದ ತೆಳ್ಳಗಾಗಿ ಮತ್ತೆ ತುಂಬಿಕೊಳ್ಳುತ್ತದೆ. ತೋಡಿ ರಾಗದ ಗಾಂಧಾರವನ್ನು ನಾನು ಮೂರು ವಾರ ಈ ಚಕ್ರದಲ್ಲಿ ಹುಡುಕಿದೆ. ಸಿಕ್ಕಲಿಲ್ಲ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಾಗಲೂ ಮುಖ್ಯ ತಕರಾರು ಗಮಕದ್ದೇ, ಸ್ವರವನ್ನು ಹೀಗೆ ತೂಗಿ ಜಾರಿಸಲು ಅದರಲ್ಲಿ ಆಗದೆಂಬುದೇ. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಹಾರ್ಮೋನಿಯಂ ಪರವಾಗಿಯೇ ಬೆಳೆದ ಮನೆಯವನು ನಾನು. ಆದರೂ ಆ ತಕರಾರಿನ ಹಿಂದಿನ ನೋವು ಈಗ ಅರ್ಥವಾಗುತ್ತದೆ. ನಮ್ಮ ಪೇಟೆಯಲ್ಲೊಬ್ಬರು ಪಿಟೀಲು ನುಡಿಸುತ್ತಾರೆ. ವರ್ಷಕ್ಕೆ ಎರಡು ಸಲ ಅವರನ್ನು ಮನೆಗೆ ಕರೆದು, ಊಟ ಹಾಕಿ, ಸಂಭಾವನೆ ಕೊಟ್ಟು, ಐದಾರು ಹಾಡಿಗೆ ಒಟ್ಟಿಗೆ ನುಡಿಸಿಕೊಳ್ಳುತ್ತೇನೆ. ದುಬಾರಿ ಸಂಗ್ರಹಕ್ಕೆ ಕೊಡಬೇಕಾದ ಹಣ ಅಲ್ಲಿಗೆ ಹೋದರೆ ಅದಕ್ಕಿಂತ ಒಳ್ಳೆಯ ಖರ್ಚಿಲ್ಲ.

ಮೂರನೆಯ ವರ್ಷ ಅಪ್ಪನ ಹಾರ್ಮೋನಿಯಂ ಅನ್ನೇ ಸ್ಯಾಂಪಲ್ ಮಾಡಿದೆ. ಈ ಆರು ವರ್ಷಗಳಲ್ಲಿ ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಮೂರೂವರೆ ಸಪ್ತಕದ, 42 ಮನೆಗಳ ಪೆಟ್ಟಿಗೆ. ತಿದಿಯ ಚರ್ಮ ಬಿರುಕು ಬಿಡತೊಡಗಿತ್ತು, ಇನ್ನೆಷ್ಟು ದಿನವೋ ಎಂಬ ಭಯ. ಫ್ಯಾನ್ ಬೇಡದ ಚಳಿಗಾಲದ ರಾತ್ರಿ, ಎಲ್ಲರೂ ಮಲಗಿದ ಮೇಲೆ ಒಂದೊಂದು ಮನೆಯನ್ನೂ ಹತ್ತು ಸೆಕೆಂಡು ಒತ್ತಿ ಹಿಡಿದೆ. ತಿದಿಯ ಒತ್ತಡ ಸ್ವಲ್ಪ ಬದಲಾದರೂ ಸ್ವರ ಅಲುಗುತ್ತದೆ, ಹಾಗಾಗಿ ಒಂದೊಂದಕ್ಕೆ ನಾಲ್ಕೈದು ಪ್ರಯತ್ನ. ನಾಲ್ಕು ರಾತ್ರಿ ಹಿಡಿಯಿತು. ರೀಪರ್‌ನಲ್ಲಿ ಎಲ್ಲವನ್ನೂ ಒಂದೇ ಸಾಲಿನಲ್ಲಿಟ್ಟು, ಗುರುತು ಹಾಕಿ, ಒಂದೇ ಸಲಕ್ಕೆ 42 ಕಡತಗಳಾಗಿ ಹೊರತೆಗೆದೆ. ಒಟ್ಟು ಸುಮಾರು 55 ಎಂಬಿ. ಯಾವ ಕೀಲಿಗೆ ಯಾವ ಕಡತ ಎಂಬುದನ್ನು ಎಸ್‌ಎಫ್‌ಜೆಡ್ ಎಂಬ ಪದ್ಧತಿಯಲ್ಲಿ ಬರೆದಿಡಬೇಕು. ಅದು ನೋಟ್‌ಪ್ಯಾಡ್‌ನಲ್ಲಿ ಬರೆಯಬಹುದಾದ ಸಾದಾ ಪಠ್ಯ. ಸ್ಫೋರ್ಜಾಂಡೊ ಎಂಬ ಉಚಿತ ಪ್ಲೇಯರ್ ಅದನ್ನು ಓದಿ ನುಡಿಸುತ್ತದೆ. ಅಪ್ಪನ ಪೆಟ್ಟಿಗೆಯಲ್ಲಿ ತಾರ ಷಡ್ಜದ ಕೀಲಿ ಬಿಡುವಾಗ ‘ಟಕ್’ ಎನ್ನುತ್ತಿತ್ತು. ಆ ಸದ್ದನ್ನೂ ಬೇರೆಯಾಗಿ ಮುದ್ರಿಸಿ ಕೀಲಿ ಬಿಟ್ಟಾಗ ಬರುವಂತೆ ಸೇರಿಸಿದ್ದೇನೆ. ಈಗ ಅಪ್ಪನ ಹಾರ್ಮೋನಿಯಂ ಕೂಡ 40 ಸೆಂಟ್ ಮೇಲೇರಿ ಅಮ್ಮನ ಶ್ರುತಿಯಲ್ಲಿ ನುಡಿಯುತ್ತದೆ. ಮೊದಲ ಸಲ ಕೇಳಿದಾಗ ಅಮ್ಮ ಏನೂ ಹೇಳಲಿಲ್ಲ. ಮೈಕ್ ಮುಂದೆ ಕುಳಿತು ಎರಡು ಹಾಡು ಹೆಚ್ಚಿಗೆ ಹಾಡಿದಳು.

ಕೈ ಸುಟ್ಟುಕೊಂಡ ಪ್ರಸಂಗವನ್ನೂ ಹೇಳಬೇಕು. ಒಂದು ಕಂಪನಿಯಿಂದ 30 ಜಿಬಿಯ ವಾದ್ಯಸಂಗ್ರಹ ಕೊಂಡು, ರಾತ್ರಿಯೆಲ್ಲ ಮೊಬೈಲ್ ಡೇಟಾದಲ್ಲಿ ಇಳಿಸಿಕೊಂಡಿದ್ದೆ. ಎರಡು ವರ್ಷದ ನಂತರ ಅವರು ಪರವಾನಗಿ ಪರಿಶೀಲಿಸುವ ವಿಧಾನ ಬದಲಿಸಿದರು. ನನ್ನ ಹಳೆಯ ಯಂತ್ರದಲ್ಲಿ ಸಂಗ್ರಹ ತೆರೆಯಲೇ ಇಲ್ಲ. ಬರೆದ ಪತ್ರಗಳಿಗೆ ಬಂದ ಉತ್ತರಗಳು ಉಪಯೋಗಕ್ಕೆ ಬರಲಿಲ್ಲ. ನಾಲ್ಕು ಹಾಡುಗಳಲ್ಲಿ ಆ ವಾದ್ಯಗಳು ಮೂಕವಾದವು. ಅಮ್ಮನ ಧ್ವನಿಗೆ ಏನೂ ಆಗಲಿಲ್ಲ, ಏಕೆಂದರೆ ರೀಪರ್ ಮುದ್ರಿಸಿದ ಧ್ವನಿಯನ್ನು ಸಾಮಾನ್ಯ ವೇವ್ ಕಡತವಾಗಿ ಇಡುತ್ತದೆ, ಸಂಕಲನ ಮಾಡಿದಾಗ ಮೂಲವನ್ನು ಮುಟ್ಟುವುದಿಲ್ಲ. ಅದರ ಯೋಜನಾ ಕಡತವೂ ಸಾದಾ ಪಠ್ಯವೇ, ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಅಂದಿನಿಂದ ಹಾಡು ಮುಗಿದ ದಿನವೇ ಪ್ರತಿ ಸ್ಯಾಂಪಲ್ ವಾದ್ಯವನ್ನೂ ಧ್ವನಿಯಾಗಿ ಪರಿವರ್ತಿಸಿ, ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಇಡುತ್ತೇನೆ. ನೀವೂ ಹಾಗೆ ಮಾಡಿ. ಮತ್ತೊಂದು: ಹೊಸ ಯೋಜನೆಯನ್ನು ಉಳಿಸುವಾಗ ಎಲ್ಲ ಧ್ವನಿ ಕಡತಗಳನ್ನೂ ಅದೇ ಫೋಲ್ಡರ್‌ಗೆ ನಕಲಿಸುವ ಆಯ್ಕೆಗೆ ಗುರುತು ಹಾಕಿ. ನಾನು ಹಾಕದೆ, ಫೋಲ್ಡರ್ ಆಚೀಚೆ ಮಾಡಿ, ಒಂದು ಇಡೀ ಭಾನುವಾರ ಕಡತ ಹುಡುಕಿದ್ದೇನೆ.

ತೆರೆದ ಕೂಡಲೇ ಸಿದ್ಧ ತಾಳ, ಸಿದ್ಧ ವಾದ್ಯ ಬೇಕೆನ್ನುವವರಿಗೆ ರೀಪರ್ ಅನ್ನು ನಾನು ಹೇಳುವುದಿಲ್ಲ. ಅವರಿಗೆ ವಾದ್ಯಗಳೊಂದಿಗೇ ಬರುವ ಬೇರೆ ತಂತ್ರಾಂಶಗಳಿವೆ. ಮನೆಯಲ್ಲಿ ಹಾಡುವ ಅಜ್ಜಿಯೋ ಅಮ್ಮನೋ ಇದ್ದು, ಅವರ ಹಾಡನ್ನು ಇದ್ದಂತೆಯೇ ಹಿಡಿಯಬೇಕು ಎನ್ನುವವರು 60 ದಿನದ ಉಚಿತ ಅವಧಿಯನ್ನು ಈಗಲೇ ಶುರು ಮಾಡಲಿ. ಈವರೆಗೆ ಅಮ್ಮನ 43 ಹಾಡುಗಳು ಮುಗಿದಿವೆ. ಅವಳ ನೋಟ್‌ಪುಸ್ತಕದಲ್ಲಿ ಇನ್ನೂ 20 ಇವೆ, ಪುಸ್ತಕದಲ್ಲಿ ಇಲ್ಲದವು ಎಷ್ಟೋ. ಎಂಟನೆಯ ಆವೃತ್ತಿಗೆ ಹೋಗುವಾಗ ಪರವಾನಗಿಗೆ ಮತ್ತೆ ಹಣ ಕೊಡಬೇಕಾಗುತ್ತದೆ. ಅದನ್ನು ಈಗಲೇ ಬೇರೆ ತೆಗೆದಿಟ್ಟಿದ್ದೇನೆ.