ಹುಬ್ಬಳ್ಳಿ ಜಂಕ್ಷನ್: ಫಲಕಕ್ಕೆ ಪೂರ್ತಿ ಅಂಕ, ಟಿಕೆಟ್ಟಿಗೆ ಅರ್ಧ

ನಿಲ್ದಾಣದ ಸ್ವಚ್ಛತೆ, ಚಹಾದ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲಿ ನೋಡುವುದು ಅದರ ಹೆಸರು ಪ್ರಯಾಣಿಕರಿಗೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನಷ್ಟೇ.

2020ರಿಂದ ಅಧಿಕೃತವಾಗಿ ಇದು ‘ಶ್ರೀ ಸಿದ್ಧಾರೂಢ ಸ್ವಾಮೀಜಿ ಹುಬ್ಬಳ್ಳಿ ಜಂಕ್ಷನ್’. ಫಲಕದ ಮೇಲೆ ಭೇಷ್ ಕಾಣುತ್ತದೆ. ಟಿಕೆಟ್ಟಿನಲ್ಲಿ ಅದೇ ಹೆಸರು ‘ಎಸ್‌ಎಸ್‌ಎಸ್ ಹುಬ್ಬಳ್ಳಿ’ ಆಗುತ್ತದೆ. ಇಂಗ್ಲಿಷ್ ವರ್ಣಮಾಲೆಯ ಪಟ್ಟಿಯಲ್ಲಿ ‘ಎಚ್’ ಕೆಳಗೆ ಹುಡುಕಿದವರಿಗೆ ಸಿಗುವುದಿಲ್ಲ, ‘ಎಸ್’ಗೆ ಹೋಗಬೇಕು. ಹೆಸರಿನ ಗೊಡವೆಯೇ ಬೇಡ, ಯುಬಿಎಲ್ ಎಂಬ ಕೋಡ್ ಹಾಕಿ. 2014ರಲ್ಲಿ ‘ಹುಬ್ಲಿ’ ಹೋಗಿ ‘ಹುಬ್ಬಳ್ಳಿ’ ಬಂದರೂ ಹಳೆಯ ಇಂಗ್ಲಿಷ್ ಕಾಗುಣಿತದ ಆ ಮೂರು ಅಕ್ಷರ ಅಲ್ಲೇ ಉಳಿದಿವೆ. ‘ಹುಬ್ಬಳ್ಳಿ ಸೌತ್’ ಬೇರೆಯೇ ನಿಲ್ದಾಣ, ಅವಸರದಲ್ಲಿ ಅದನ್ನು ಒತ್ತಬೇಡಿ.

ಆಟೋದವರಿಗೆ ‘ಸಿದ್ಧಾರೂಢ’ ಎಂದಷ್ಟೇ ಹೇಳಿದರೆ ಸೀದಾ ಹಳೇ ಹುಬ್ಬಳ್ಳಿಯ ಮಠಕ್ಕೆ ಒಯ್ದಾರು, ಅದರಲ್ಲಿ ಅವರದೇನೂ ತಪ್ಪಿಲ್ಲ. ‘ರೈಲ್ವೆ ಸ್ಟೇಷನ್’ ಅನ್ನಿ, ಸಾಕು. ಒಳಗೆ ಬಂದ ಮೇಲೆ 8ನೇ ಪ್ಲಾಟ್‌ಫಾರ್ಮ್ ಇದ್ದರೆ ಬೋಗಿ ನಿಲ್ಲುವ ಜಾಗ ಮೊದಲೇ ಕೇಳಿಕೊಳ್ಳಿ: ಉದ್ದ 1507 ಮೀಟರ್, ಒಂದೇ ಹೊತ್ತಿಗೆ ಎರಡು ಗಾಡಿ ನಿಲ್ಲುವಷ್ಟು. ತಪ್ಪು ತುದಿಗೆ ಹೋದರೆ ಸಾಮಾನು ಹೊತ್ತು ಕಾಲು ಗಂಟೆ ನಡಿಗೆ.

ಉದ್ದ ಹೆಸರನ್ನು ಹೇಗೆ ಸಂಭಾಳಿಸಬೇಕು ಎಂಬುದಕ್ಕೆ ವೇಲ್ಸ್ ದೇಶದ ಆಂಗ್ಲ್‌ಸೀ ದ್ವೀಪದಲ್ಲಿ ಒಂದು ಹಳೆಯ ಮಾದರಿ ಇದೆ. ಅಲ್ಲಿಯ ಊರು ಲಾನ್‌ವೈರ್‌ಪುಲ್‌ಗ್ವಿನ್‌ಗಿಲ್. ಬಿಳಿ ಹೇಜಲ್ ಗಿಡಗಳ ತಗ್ಗಿನಲ್ಲಿರುವ ಮೇರಿ ಮಾತೆಯ ಚರ್ಚು ಎಂದು ಅರ್ಥ. ರೈಲು ಬಂದ ಮೇಲೆ, 1860ರ ದಶಕದಲ್ಲಿ, ಪ್ರವಾಸಿಗರನ್ನು ಸೆಳೆಯಲು ಅದಕ್ಕೆ ಸುಳಿಯನ್ನೂ ಕೆಂಪು ಗವಿಯನ್ನೂ ಇನ್ನೊಬ್ಬ ಸಂತನ ಚರ್ಚನ್ನೂ ಪೋಣಿಸಿ 58 ಅಕ್ಷರದ ಹೆಸರು ಮಾಡಿದರು. ವೆಲ್ಷ್ ಲೆಕ್ಕದಲ್ಲಿ 51, ಏಕೆಂದರೆ ಅಲ್ಲಿ ಜೋಡಿ ‘ಎಲ್’ ಒಂದೇ ಅಕ್ಷರ, ‘ಸಿಎಚ್’ ಕೂಡ ಒಂದೇ. ನಾಲಿಗೆಯನ್ನು ‘ಲ’ಕಾರಕ್ಕೆ ಇಟ್ಟು, ದನಿ ಹೊರಡಿಸದೆ ಬರೀ ಉಸಿರು ಊದಿದರೆ ಜೋಡಿ ‘ಎಲ್’ನ ಉಚ್ಚಾರ ಬರುತ್ತದೆ. ಊರವರು ಮಾತ್ರ ‘ಲಾನ್‌ವೈರ್‌ಪುಲ್’ ಅಂದು ಮುಗಿಸುತ್ತಾರೆ. ಉದ್ದ ಹೆಸರು ಫಲಕಕ್ಕೆ, ಫೋಟೋಕ್ಕೆ. ಫಲಕದ ಕೆಳಗೆ ಓದುವ ಬಗೆಯನ್ನೂ ಬರೆದಿದ್ದಾರೆ.

ನಮ್ಮಲ್ಲೂ ಫಲಕ ಹಾಗೇ ಇರಲಿ. ಟಿಕೆಟ್ಟಿನಲ್ಲಿ, ಪಟ್ಟಿಯಲ್ಲಿ ಮಾತ್ರ ‘ಹುಬ್ಬಳ್ಳಿ’ ಮೊದಲು ಬಂದು, ಮೂರು ‘ಎಸ್’ ಅದರ ಹಿಂದೆ ಬರಬೇಕು.